ಕೋಯಾ ಬೆಟ್ಟದ ಕಾಡು ಮತ್ತು ನಮ್ಮ ಬ್ರಹ್ಮಕಲಶಗಳು

ಮಾನ್ಯ ಸಂಪಾದಕರಿಗೆ ವಂದನೆಗಳು.

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಜಪಾನಿನ ಕೋಯಾ ಬೆಟ್ಟದ ಬೌದ್ಧ ದೇವಾಲಯಗಳ ಕುರಿತು ಪ್ರಕಟವಾದ ಪ್ರವಾಸ ಲೇಖನವನ್ನು ಆಸಕ್ತಿಯಿಂದ ಓದಿದೆ. ಒಸಾಕಾದಲ್ಲಿ ಉದ್ಯೋಗದಲ್ಲಿರುವ ಮಗನ ಮನೆಗೆ ಕಳೆದ ನವೆಂಬರಿನಲ್ಲಿ ಹೋಗಿದ್ದಾಗ ನಾನೂ ನನ್ನ ಹೆಂಡತಿಯೂ ಅದೇ ಬೆಟ್ಟವನ್ನು ಹತ್ತಿ, ಅಲ್ಲಿನ ಮಠವೊಂದರಲ್ಲಿ ತಂಗಿ ಬಂದವರಾದ್ದರಿಂದ ಲೇಖನದ ಒಂದೊಂದು ಸಾಲೂ ಕಣ್ಣಿಗೆ ಕಟ್ಟಿದಂತಿತ್ತು. ವಿವರಗಳಲ್ಲಿ ತಪ್ಪು ಹುಡುಕುವ ಉದ್ದೇಶ ನನಗಿಲ್ಲ. ಆದರೆ ಅಲ್ಲಿರುವುದೆಲ್ಲ ಮೂಲತಃ ನಮ್ಮದೇ, ಹೋಮ ನಮ್ಮದು, ಮಂತ್ರ ನಮ್ಮದು, ದೇವತೆಗಳೂ ನಮ್ಮವರೇ ಎಂದು ಹೆಮ್ಮೆಪಟ್ಟು ಲೇಖಕರು ಬರೆಹವನ್ನು ಮುಗಿಸಿದ್ದು ನನಗೆ ಅರ್ಧ ದಾರಿಯಲ್ಲೇ ಬಸ್ಸಿನಿಂದ ಇಳಿದ ಹಾಗೆ ಕಂಡಿತು. ಕಾಸರಗೋಡು ಜಿಲ್ಲೆಯ ಹಳ್ಳಿಯೊಂದರ ದೇವಸ್ಥಾನದ ಜೀರ್ಣೋದ್ಧಾರ ಸಮಿತಿಯಲ್ಲಿ ಬಹುಕಾಲದಿಂದ ಕೆಲಸ ಮಾಡುತ್ತಿರುವ ಅಡಿಕೆ ಕೃಷಿಕನಾದ ನನಗೆ ಆ ಬೆಟ್ಟದಲ್ಲಿ ಕಂಡದ್ದು ಬೇರೆಯೇ ಒಂದು ಸಂಗತಿ. ಅದು ನಮ್ಮೂರುಗಳ ದೇವಸ್ಥಾನಗಳಿಗೆ ನೇರವಾಗಿ ಸಂಬಂಧಿಸಿದ್ದಾದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ. ಸ್ಥಳಾವಕಾಶ ಕೊಡಬೇಕಾಗಿ ವಿನಂತಿ.

ಲೇಖಕರ ಹೆಮ್ಮೆಗೆ ಆಧಾರವಿಲ್ಲವೆಂದು ನಾನು ಹೇಳಲಾರೆ. ಈ ಕ್ಷೇತ್ರವನ್ನು ಸ್ಥಾಪಿಸಿದ ಕೂಕಾಯ್ (774–835) ಎಂಬ ಭಿಕ್ಷು, ಮುಂದೆ ಕೋಬೋ ದಾಯಿಶಿ ಎಂಬ ಗೌರವದ ಹೆಸರಿನಿಂದ ಪೂಜೆಗೊಂಡವರು, 804ರಲ್ಲಿ ರಾಯಭಾರಿಗಳ ಹಡಗಿನಲ್ಲಿ ಚೀನಾಕ್ಕೆ ಹೋಗಿ, ಆಗಿನ ರಾಜಧಾನಿ ಚಾಂಗಾನಿನಲ್ಲಿ ಹುಯಿಗುವೊ ಎಂಬ ಗುರುವಿನಿಂದ ದೀಕ್ಷೆ ಪಡೆದರು. ಅದೇ ಊರಿನಲ್ಲಿದ್ದ ಪ್ರಜ್ಞ ಎಂಬ ಭಾರತೀಯ ಭಿಕ್ಷುವಿನಿಂದ ಸಂಸ್ಕೃತವನ್ನೂ ಕಲಿತರು. 806ರಲ್ಲಿ ತಾಯ್ನಾಡಿಗೆ ಮರಳಿದ ಅವರಿಗೆ 816ರಲ್ಲಿ ಸಾಗಾ ಚಕ್ರವರ್ತಿ ಕೋಯಾ ಬೆಟ್ಟವನ್ನು ಕೊಟ್ಟನು. ಅಲ್ಲಿಂದ ಬೆಳೆದ ಶಿಂಗೋನ್ ಪಂಥದಲ್ಲಿ ಇಂದಿಗೂ ಅಗ್ನಿಕುಂಡದ ಮುಂದೆ ಕುಳಿತು ಆಹುತಿ ಕೊಡುವ ಕ್ರಮವಿದೆ. ಗೋರಿಗಳ ಮೇಲಿನ ಐದು ಹಂತದ ಕಲ್ಲುಗಳು ಭೂಮಿ, ನೀರು, ಬೆಂಕಿ, ಗಾಳಿ, ಆಕಾಶ ಎಂಬ ಪಂಚಭೂತಗಳನ್ನೇ ಸೂಚಿಸುತ್ತವೆ. ಕೆಳಗೆ ಚೌಕ, ಅದರ ಮೇಲೆ ಗೋಲ, ಹೀಗೆ ಒಂದೊಂದಕ್ಕೂ ಒಂದೊಂದು ಆಕಾರ, ಒಂದೊಂದಕ್ಕೂ ಒಂದೊಂದು ಸಂಸ್ಕೃತ ಅಕ್ಷರ. ಇವನ್ನು ನೋಡಿದಾಗ ನಮ್ಮವರಿಗೆ ರೋಮಾಂಚನವಾಗುವುದು ಸಹಜ. ಆದರೆ ಹೆಮ್ಮೆಗಾಗಿ ಅಷ್ಟು ದೂರ ವಿಮಾನ ಹತ್ತಬೇಕೆಂದಿಲ್ಲ. ಆಳುಪ ದೊರೆ ಕುಂದವರ್ಮನು 968ರಲ್ಲಿ ಪ್ರತಿಷ್ಠಾಪಿಸಿದನೆಂದು ಪೀಠದ ಶಾಸನವೇ ಹೇಳುವ ಲೋಕೇಶ್ವರನ ಕಂಚಿನ ಮೂರ್ತಿ ಮಂಗಳೂರಿನ ಕದ್ರಿಯಲ್ಲೇ ಇದೆ. ಆಸ್ಪತ್ರೆಗೂ ಬಟ್ಟೆಯಂಗಡಿಗೂ ವರ್ಷವಿಡೀ ಮಂಗಳೂರಿಗೆ ಹೋಗಿ ಬರುವ ನಮ್ಮಲ್ಲಿ ಎಷ್ಟು ಮಂದಿ ಆ ಮೂರ್ತಿಯ ಮುಂದೆ ಅರೆಗಳಿಗೆ ನಿಂತಿದ್ದೇವೆ?

ಈಗ ವಿಷಯಕ್ಕೆ ಬರುತ್ತೇನೆ. ಒಸಾಕಾದ ನಂಬಾ ನಿಲ್ದಾಣದಿಂದ ಹೊರಟ ರೈಲು ಕೊನೆಗೆ ಒಂದು ಇಕ್ಕಟ್ಟಾದ ಕಣಿವೆಯಲ್ಲಿ ನಿಲ್ಲುತ್ತದೆ; ಅಲ್ಲಿಂದ ಹಗ್ಗ ಎಳೆಯುವ ಗಾಡಿಯಲ್ಲಿ ಐದು ನಿಮಿಷ ಕಡಿದಾಗಿ ಮೇಲೇರಿ, ಬಳಿಕ ಬಸ್ಸು ಹಿಡಿಯಬೇಕು. ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ಬೋಗುಣಿಯಂತಹ ಜಾಗದಲ್ಲಿ 117 ದೇವಾಲಯಗಳೂ ಒಂದು ಸಣ್ಣ ಪೇಟೆಯೂ ಇವೆ. ಶಾಲೆ, ಅಂಚೆ ಕಚೇರಿ, 1886ರಲ್ಲಿ ಆರಂಭವಾದ ವಿದ್ಯಾಸಂಸ್ಥೆಯಿಂದ ಬೆಳೆದ ವಿಶ್ವವಿದ್ಯಾಲಯ, ಎಲ್ಲವೂ ಅದರೊಳಗೇ. ಯಾತ್ರಿಕರು ಉಳಿದುಕೊಳ್ಳುವ ವ್ಯವಸ್ಥೆ ಸುಮಾರು 50 ದೇವಾಲಯಗಳಲ್ಲಿದೆ. ಊಟ ಸಂಪೂರ್ಣ ಸಸ್ಯಾಹಾರ, ನೀರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಎಳ್ಳನ್ನು ಅರೆದು ಹಾಲು ತೆಗೆದು, ಗೆಡ್ಡೆಯ ಹುಡಿ ಸೇರಿಸಿ ಕಾಯಿಸಿ ಗಟ್ಟಿ ಮಾಡುವ ಒಂದು ತಿನಿಸು ನಮ್ಮ ಕೂವೆಹುಡಿಯ ಮಣ್ಣಿಯಂತೆ ನಾಲಗೆಗೆ ಒಗ್ಗಿತು. ಊಟ, ಚಳಿ, ಹಾಸಿಗೆಗಳ ಬಗ್ಗೆ ಲೇಖಕರೇ ಬೇಕಾದಷ್ಟು ಬರೆದಿದ್ದಾರೆ.

ಅವರು ಬರೆಯದೆ ಬಿಟ್ಟದ್ದು ಕಾಡಿನ ಬಗ್ಗೆ. ಕೋಯಾ ಬೆಟ್ಟದಲ್ಲಿ ಎಡೋ ಆಳ್ವಿಕೆಯ ಕಾಲದಿಂದಲೇ (1603–1868) ಆರು ಜಾತಿಯ ಮರಗಳನ್ನು ಆರಿಸಿ, ಅವನ್ನು ದೇವಾಲಯಗಳ ಕಟ್ಟಡ ಮತ್ತು ದುರಸ್ತಿಗೆಂದು ಮೀಸಲಾಗಿಟ್ಟು, ಬೇರೆ ಕೆಲಸಕ್ಕೆ ಕಡಿಯದಂತೆ ಕಾಯ್ದುಕೊಂಡು ಬಂದಿದ್ದಾರೆ. ಸುಗಿ, ಹಿನೋಕಿ, ಕೆಂಪು ಪೈನ್, ಮೋಮಿ, ತ್ಸುಗಾ ಮತ್ತು ಕೋಯಾಮಾಕಿ ಎಂಬುವೇ ಆ ಆರು. ಕೊನೆಯದಕ್ಕೆ ಬೆಟ್ಟದ ಹೆಸರೇ ಇದೆ. ಜಪಾನಿನಲ್ಲಿ ಮಾತ್ರ ಸಹಜವಾಗಿ ಬೆಳೆಯುವ, ತನ್ನ ಕುಟುಂಬದಲ್ಲಿ ತಾನೊಂದೇ ಉಳಿದಿರುವ ಮರವದು. ಓಕುನೋಯಿನ್ ಎಂಬ ಪ್ರಸಿದ್ಧ ಸ್ಮಶಾನದಲ್ಲಿ ಗೋರಿಗಳ ಮುಂದೆ ಹೂವಿನ ಬದಲು ಈ ಕೋಯಾಮಾಕಿಯ ಹಸಿರು ಟೊಂಗೆಗಳನ್ನೇ ಇಡುತ್ತಾರೆ. ಪೇಟೆಯ ಅಂಗಡಿಗಳಲ್ಲಿ ನೀರು ತುಂಬಿದ ಬಕೆಟುಗಳಲ್ಲಿ ಅವನ್ನು ಕಟ್ಟುಕಟ್ಟಾಗಿ ನಿಲ್ಲಿಸಿ ಮಾರುವುದನ್ನು ಕಂಡೆ. ಎಲೆ ದಪ್ಪ, ಉದ್ದ. ಕೈಯಲ್ಲಿ ಹಿಡಿದರೆ ಕೊಡೆಯ ಕಡ್ಡಿಗಳ ಹಾಗೆ ಒಂದೇ ಗಂಟಿನಿಂದ ಸುತ್ತಲೂ ಹರಡಿಕೊಂಡಿರುತ್ತದೆ. ಹೂವಿನಂತೆ ಮರುದಿನವೇ ಬಾಡುವ ವಸ್ತುವಲ್ಲ.

ಆ ಓಕುನೋಯಿನ್‌ನಲ್ಲಿ 2 ಲಕ್ಷಕ್ಕೂ ಹೆಚ್ಚು ಗೋರಿಗಳೂ ಸ್ಮಾರಕಗಳೂ ಇವೆಯೆನ್ನುತ್ತಾರೆ. ಸುಮಾರು 2 ಕಿಲೋಮೀಟರ್ ಉದ್ದದ ದಾರಿಯ ಎರಡೂ ಬದಿಗಳಲ್ಲಿ ನೂರಾರು ವರ್ಷ ಪ್ರಾಯದ ಸುಗಿ ಮರಗಳು ನೆಟ್ಟಗೆ ನಿಂತಿವೆ. ಸೇನಾನಾಯಕ ಓದಾ ನೊಬುನಾಗಾ ಮತ್ತು ಅವನ ಕೈಕೆಳಗಿದ್ದೇ ಅವನ ಮೇಲೆ ದಂಗೆಯೆದ್ದು ಅವನ ಸಾವಿಗೆ ಕಾರಣನಾದ ಅಕೆಚಿ ಮಿತ್ಸುಹಿದೆ ಇಬ್ಬರಿಗೂ ಅಲ್ಲಿ ಜಾಗವಿದೆ. ಕೊರಿಯಾದ ಯುದ್ಧದಲ್ಲಿ ಸತ್ತ ತನ್ನವರಿಗೂ ಶತ್ರುಗಳಿಗೂ ಸೇರಿಸಿ ಶಿಮಾಜು ಮನೆತನದವರು 1599ರಲ್ಲಿ ನಿಲ್ಲಿಸಿದ ಕಲ್ಲೂ ಇದೆ. ಆದರೆ ನಾನು ಬಹಳ ಹೊತ್ತು ನಿಂತದ್ದು ಬೇರೆಯೇ ಒಂದು ಸ್ಮಾರಕದ ಮುಂದೆ: ಗೆದ್ದಲು ನಿವಾರಣೆಯ ಉದ್ಯೋಗದಲ್ಲಿರುವವರ ಸಂಘವು ತಮ್ಮ ಕೈಯಿಂದ ಸತ್ತ ಗೆದ್ದಲುಗಳ ಶಾಂತಿಗಾಗಿ ನಿಲ್ಲಿಸಿದ ಕಲ್ಲು ಅದು. ನಗು ಬಂತು, ಸುಳ್ಳೇಕೆ ಹೇಳಲಿ. ಆದರೆ ಗೆದ್ದಲು ಹಿಡಿಯುತ್ತದೆಂಬ ಒಂದೇ ಕಾರಣ ಕೊಟ್ಟು ನಮ್ಮಲ್ಲಿ ಎಷ್ಟು ಸುತ್ತುಪೌಳಿಗಳ ಮರದ ಮಾಡನ್ನು ಕೆಳಗಿಳಿಸಿ ಸ್ಲ್ಯಾಬ್ ಹಾಕಲಾಗಿದೆಯೆಂದು ನೆನಪಾದಾಗ ಆ ನಗು ನಿಲ್ಲಲಿಲ್ಲವಾದರೂ ಸ್ವಲ್ಪ ಕಹಿಯಾಯಿತು. ಗೆದ್ದಲು ಅವರಲ್ಲೂ ಇದೆ. ಅವರು ಗೆದ್ದಲಿನೊಡನೆ ಹೋರಾಡುತ್ತ ಮರವನ್ನು ಉಳಿಸಿಕೊಂಡರು. ನಾವು ಹೋರಾಟವೇ ಬೇಡವೆಂದು ಮರವನ್ನೇ ಬಿಟ್ಟೆವು.

ಕೊಂಗೋಬುಜಿ ಎಂಬ ಪ್ರಧಾನ ದೇವಾಲಯದ ಮಾಡಿನ ಬಗ್ಗೆ ಇನ್ನೊಂದಿಷ್ಟು ಹೇಳಲೇಬೇಕು. 1863ರಲ್ಲಿ ಮರಳಿ ಕಟ್ಟಿದ ಆ ಕಟ್ಟಡಕ್ಕೆ ಹೆಂಚಿಲ್ಲ, ತಾಮ್ರದ ತಗಡೂ ಇಲ್ಲ. ಹಿನೋಕಿ ಮರದ ತೊಗಟೆಯನ್ನು ಪದರ ಪದರವಾಗಿ ಒತ್ತೊತ್ತಾಗಿ ಜೋಡಿಸಿ ಬಿದಿರಿನ ಮೊಳೆ ಹೊಡೆದ ದಪ್ಪನೆಯ ಹೊದಿಕೆ. ಅಂಚಿನಲ್ಲಿ ನಿಂತು ನೋಡಿದರೆ ಪುಸ್ತಕವೊಂದರ ಪುಟಗಳನ್ನು ಬದಿಯಿಂದ ಕಂಡಂತೆ ಪದರಗಳು ಎಣಿಕೆಗೆ ಸಿಗದಷ್ಟು ಒತ್ತಾಗಿವೆ. ಮಾಡಿನ ನೆತ್ತಿಯಲ್ಲಿ ಮರದ ದೊಡ್ಡ ಪೀಪಾಯಿಗಳನ್ನು ಇಟ್ಟಿದ್ದಾರೆ. ಮಳೆನೀರು ಅದರಲ್ಲಿ ತುಂಬಿರುತ್ತದೆ. ಪಕ್ಕದ ಕಟ್ಟಡಕ್ಕೆ ಬೆಂಕಿ ಬಿದ್ದು ಕಿಡಿಗಳು ಹಾರಿ ಬಂದರೆ ಮಾಡನ್ನು ಒದ್ದೆ ಮಾಡಲು ಅದೇ ನೀರು. ಹತ್ತಲು ಏಣಿಯೂ ಅಲ್ಲೇ ಮೇಲೆ ಸಿದ್ಧವಾಗಿದೆ. ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ತೊಗಟೆ ತೆಗೆಯುವ ಕ್ರಮ. ಮರವನ್ನು ಕಡಿಯುವುದಿಲ್ಲ. ಏಳೆಂಟು ದಶಕ ಬೆಳೆದ ಮರದ ಮೇಲೆ ಹಗ್ಗದ ಆಸರೆಯಲ್ಲಿ ಹತ್ತಿ, ಮರದ ಸಟ್ಟುಗದಂತಹ ಉಪಕರಣವನ್ನು ತೊಗಟೆಯ ಅಡಿಗೆ ತೂರಿಸಿ, ಒಳಗಿನ ಜೀವಂತ ಸಿಪ್ಪೆಗೆ ಗಾಯವಾಗದಂತೆ ಹೊರಪದರವನ್ನಷ್ಟೇ ಕೆಳಗಿನಿಂದ ಮೇಲಕ್ಕೆ ಸುಲಿಯುತ್ತಾರೆ. ಎಂಟು ಹತ್ತು ವರ್ಷಗಳಲ್ಲಿ ಹೊಸ ತೊಗಟೆ ಬೆಳೆಯುತ್ತದೆ; ಎರಡನೆಯ ಬಾರಿ ಬಂದ ತೊಗಟೆಯೇ ಮಾಡಿಗೆ ಉತ್ತಮವಂತೆ. ಹೀಗೆ ಹೊದಿಸಿದ ಮಾಡು 30–40 ವರ್ಷ ಬಾಳುತ್ತದೆ. ಅಂದರೆ ಮಾಡು ಹಳತಾಗುವ ಹೊತ್ತಿಗೆ ಅದೇ ಮರ ಹಲವು ಸಲ ಹೊಸ ತೊಗಟೆ ಬೆಳೆಸಿಕೊಂಡು ಕಾದಿರುತ್ತದೆ. ಈ ತೊಗಟೆಯ ಕೆಲಸವೂ ಸೇರಿದಂತೆ ಜಪಾನಿನ ಮರದ ಕಟ್ಟಡಗಳನ್ನು ಉಳಿಸುವ 17 ಬಗೆಯ ಕುಶಲಕೆಲಸಗಳನ್ನು 2020ರಲ್ಲಿ ಯುನೆಸ್ಕೋ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಕೋಯಾ ಬೆಟ್ಟವಂತೂ 2004ರಿಂದಲೇ ವಿಶ್ವ ಪರಂಪರೆಯ ತಾಣ.

ಇನ್ನು ಚೂಮೋನ್ ಎಂಬ ಮಧ್ಯದ ದ್ವಾರ. 1843ರ ಬೆಂಕಿಯಲ್ಲಿ ಅದು ಸುಟ್ಟುಹೋಯಿತು. ಆಮೇಲೆ 172 ವರ್ಷ ಆ ಜಾಗದಲ್ಲಿ ದ್ವಾರವಿರಲಿಲ್ಲ. ಕ್ಷೇತ್ರ ಸ್ಥಾಪನೆಯಾಗಿ 1,200 ವರ್ಷವಾದ ನೆನಪಿಗೆ 2015ರಲ್ಲಿ, ಬೆಟ್ಟದ ಕಾಡಿನ ಹಳೆಯ ಹಿನೋಕಿ ಮರಗಳನ್ನು ಬಳಸಿ ಅದನ್ನು ಮತ್ತೆ ಎತ್ತಿ ನಿಲ್ಲಿಸಿದರು. ಬೆಂಕಿಯಿಂದ ಪಾರಾಗಿದ್ದ ಎರಡು ದ್ವಾರಪಾಲಕ ಮೂರ್ತಿಗಳನ್ನು ದುರಸ್ತಿ ಮಾಡಿ, ಇನ್ನೆರಡನ್ನು ಹೊಸದಾಗಿ ಕೆತ್ತಿಸಿದ್ದಾರೆ. ಹೊಸ ಮೂರ್ತಿಗಳಲ್ಲಿ ಒಂದರ ಎದೆಯ ಮೇಲೆ ಏರೋಪ್ಲೇನ್ ಚಿಟ್ಟೆ, ಇನ್ನೊಂದರ ಎದೆಯ ಮೇಲೆ ಜೀರುಂಡೆ ಕುಳಿತಿವೆ; ಭಯಂಕರ ಮುಖದ ದೇವತೆಯ ಕವಚದ ಮೇಲೆ ಮಳೆಗಾಲದ ಹುಳುವೊಂದನ್ನು ನೋಡುವುದು ಒಂದು ಸಂತೋಷ. ದ್ವಾರವಿಲ್ಲದೆ ಅಷ್ಟು ತಲೆಮಾರು ಕಳೆದುದಕ್ಕೆ ಹಣ, ರಾಜಕೀಯ, ಯುದ್ಧ ಎಂದು ಹತ್ತಾರು ಕಾರಣಗಳಿದ್ದೀತು. ನನಗೆ ಮುಖ್ಯವಾಗಿ ಕಂಡದ್ದೆಂದರೆ, ಕಟ್ಟಲು ಹೊರಟ ದಿನ ಬೇಕಾದ ಮರ ಬೆಟ್ಟದಲ್ಲೇ ಬೆಳೆದು ನಿಂತಿತ್ತು ಎಂಬುದು. ಅದನ್ನು ಕಾಪಾಡಿದವರು ದ್ವಾರವನ್ನು ನೋಡಿದವರೇ ಅಲ್ಲ.

ಕೋಯಾದವರು ಕಾಂಕ್ರೀಟನ್ನು ಮುಟ್ಟಿಯೇ ಇಲ್ಲವೆಂದು ಯಾರೂ ಭಾವಿಸಬಾರದು. ಸುಮಾರು 48 ಮೀಟರ್ ಎತ್ತರದ, ದೂರಕ್ಕೇ ಕಣ್ಣು ಕುಕ್ಕುವ ಕೆಂಪು ಬಣ್ಣದ ಕೊಂಪೋನ್ ದಾಯಿತೋ ಎಂಬ ಮಹಾಗೋಪುರ ಸಿಡಿಲಿಗೂ ಬೆಂಕಿಗೂ ಮತ್ತೆ ಮತ್ತೆ ಬಲಿಯಾಗಿ, 1937ರಲ್ಲಿ ಪುನಃ ಕಟ್ಟಲ್ಪಟ್ಟಾಗ ಅದರ ಮೈಕಟ್ಟಿಗೆ ಕಾಂಕ್ರೀಟನ್ನೇ ಬಳಸಿದರು. ಅದರ ಪಕ್ಕದ ಮುಖ್ಯ ಮಂದಿರ 1926ರಲ್ಲಿ ಸುಟ್ಟಾಗ ಒಳಗಿದ್ದ ಪ್ರಾಚೀನ ಮೂರ್ತಿಗಳೂ ಬೂದಿಯಾದ ಆಘಾತ ಆಗ ಹಸಿಯಾಗಿತ್ತು. ಆದ್ದರಿಂದ ಮರ ಒಳ್ಳೆಯದು, ಸಿಮೆಂಟು ಕೆಟ್ಟದು ಎಂಬ ಸರಳ ವಾದಕ್ಕೆ ನಾನು ಬರುವುದಿಲ್ಲ. ಆದರೆ ಅದೇ ಬೆಟ್ಟದವರು ಅದಾದ ಎಂಬತ್ತು ವರ್ಷಗಳ ಬಳಿಕ ಕಟ್ಟಿದ ದ್ವಾರಕ್ಕೆ ಮತ್ತೆ ಮರವನ್ನೇ ಆರಿಸಿಕೊಂಡರು. ಹಾಗೆ ಆರಿಸಿಕೊಳ್ಳುವ ಸ್ವಾತಂತ್ರ್ಯ ಅವರಿಗೆ ಉಳಿದದ್ದು ಕಾಡು ಇದ್ದುದರಿಂದ, ಆ ಮರವನ್ನು ಜೋಡಿಸಬಲ್ಲ ಕೈಗಳು ಇದ್ದುದರಿಂದ.

ನಮ್ಮಲ್ಲಿ ಎರಡೂ ಕಡಿಮೆಯಾಗುತ್ತಿವೆ. ಕಾಸರಗೋಡಿನ ದೇವಾಲಯಗಳ ವಾಸ್ತು ಕೋಯಾದ ಕಟ್ಟಡಗಳಿಗೆ ಯಾವ ರೀತಿಯಲ್ಲೂ ಕೀಳಲ್ಲ. ಮಧೂರು ದೇವಸ್ಥಾನದ ಗಜಪೃಷ್ಠಾಕಾರದ ಗರ್ಭಗುಡಿಯ ಮೂರು ನೆಲೆಯ ಮಾಡು ಇಳಿಜಾರಾಗಿ ಬಾಗಿ ಬರುವ ರೀತಿಯನ್ನು ಮಧುವಾಹಿನಿ ಹೊಳೆಯ ಆಚೆಯಿಂದ ನಿಂತು ನೋಡಿದವರಿಗೆ ಬೇರೆ ಸಾಕ್ಷಿ ಬೇಡ. ಅನಂತಪುರದ ಸರೋವರ ಕ್ಷೇತ್ರದಲ್ಲಿ ಮೂಲ ಮೂರ್ತಿಗಳು ಶಿಲೆಯದ್ದೂ ಅಲ್ಲ, ಲೋಹದ್ದೂ ಅಲ್ಲ. ಹತ್ತಾರು ದ್ರವ್ಯಗಳನ್ನು ಕೂಡಿಸಿ ಅರೆದು ಹದಮಾಡಿದ ಕಡುಶರ್ಕರ ಪಾಕದ್ದಾಗಿದ್ದವು. ಕೆಂಪುಕಲ್ಲು, ಹಲಸು, ತೇಗ, ಸುಣ್ಣ, ಬೆಲ್ಲದ ನೀರು, ಇವುಗಳ ಗುಣ ಬಲ್ಲ ಆಚಾರಿಗಳೂ ಕಲ್ಲುಕಟ್ಟುವವರೂ ಇದ್ದ ನೆಲ ಇದು. ಅಂತಹ ಕಡೆ ಇಂದು ನಡೆಯುತ್ತಿರುವ ಜೀರ್ಣೋದ್ಧಾರಗಳನ್ನು ನೋಡಿ. ದೇವರ ಇಚ್ಛೆ ತಿಳಿಯಲು ಜ್ಯೋತಿಷಿಗಳಿಂದ ಅಷ್ಟಮಂಗಲ ಪ್ರಶ್ನೆ ಇಟ್ಟ ವಾರದಲ್ಲೇ ಸಮಿತಿ ರಚನೆಯಾಗುತ್ತದೆ, ಮನವಿಪತ್ರ ಅಚ್ಚಾಗುತ್ತದೆ, ಜೀರ್ಣೋದ್ಧಾರದ ಕೊನೆಗೆ ದೇವರಿಗೆ ಕಲಶಾಭಿಷೇಕ ಮಾಡುವ ಬ್ರಹ್ಮಕಲಶದ ದಿನ ನಿಗದಿಯಾಗುತ್ತದೆ. ಆ ದಿನವೊಂದು ನಿಗದಿಯಾದ ಮೇಲೆ ಉಳಿದೆಲ್ಲ ಕೆಲಸ ಆ ದಿನದ ಕಡೆಗೆ ಓಡುತ್ತದೆ. ಮರ ಒಣಗಲು ಸಮಯವಿಲ್ಲ, ಒಣಗದ ಮರದ ಪಕ್ಕಾಸು ಬಾಗುತ್ತದೆ, ಬಾಗಿದ್ದನ್ನು ನೋಡಿ ಮುಂದಿನ ಸಲ ಕಬ್ಬಿಣವೇ ಆಗಬಹುದೆಂದು ತೀರ್ಮಾನವಾಗುತ್ತದೆ. ಅಂಗಣಕ್ಕೆ ಇಂಟರ್‌ಲಾಕ್, ಅಂಗಣದ ಮೇಲೆ ತಗಡಿನ ಚಪ್ಪರ, ಹೊರಗೆ ಕಾರುಗಳಿಗಾಗಿ ಗುಡ್ಡೆ ಕಡಿದು ಸಮತಟ್ಟು ಮಾಡಿದ ಮೈದಾನ. ಬೇಸಗೆಯಲ್ಲಿ ಬರಿಗಾಲಲ್ಲಿ ಪ್ರದಕ್ಷಿಣೆ ಬರುವ ವೃದ್ಧರು ಆ ಇಂಟರ್‌ಲಾಕ್ ಮೇಲೆ ಹೇಗೆ ಕಾಲಿಡುತ್ತಾರೆಂಬುದನ್ನು ನೋಡಿದವರಿಗೆ ಗೊತ್ತು.

ನಾಗಬನಗಳ ಸ್ಥಿತಿ ಇನ್ನೂ ಶೋಚನೀಯ. ಬನವೆಂದರೆ ಮರ, ಬಳ್ಳಿ, ಹುತ್ತ, ಒದ್ದೆ ನೆಲ, ನಡುವೆ ಒಂದು ಕಲ್ಲು. ಹಲವು ಕಡೆ ಈಗ ಉಳಿದಿರುವುದು ಆ ಕಲ್ಲೊಂದೇ. ಸುತ್ತ ಸಿಮೆಂಟಿನ ಕಟ್ಟೆ, ಗ್ರಾನೈಟು, ಸ್ಟೀಲಿನ ಬೇಲಿ. ಎಲೆ ಉದುರಿ ಗಲೀಜಾಗುತ್ತದೆಂದು ಮರ ಕಡಿದವರನ್ನು ನಾನು ಬಲ್ಲೆ. ನಮ್ಮ ಸಮೀಪದ ಒಂದು ಬನದಲ್ಲಿ ಹೆಬ್ಬಲಸಿನ ಮರವೊಂದನ್ನು ಕಡಿದಾಗ ಅದರ ಬುಡದ ಸುತ್ತಳತೆಗೆ ಮೂವರು ಕೈ ಹಿಡಿದು ನಿಲ್ಲಬೇಕಿತ್ತು. ಆ ಮರ ಯಾವ ದೇವಸ್ಥಾನದ ಕೆಲಸಕ್ಕೂ ಹೋಗಲಿಲ್ಲ, ಮಿಲ್ಲಿಗೆ ಹೋಯಿತು. ಅದೇ ವರ್ಷ ಅದೇ ಊರಿನ ಗುಡಿಯ ದಾರಂದಕ್ಕೆ ಮರವನ್ನು ದೂರದ ಡಿಪೋದಿಂದ ದುಡ್ಡು ಕೊಟ್ಟು ತರಿಸಲಾಯಿತು.

ಇದಕ್ಕೆಲ್ಲ ಸಮಿತಿಗಳನ್ನು ಮಾತ್ರ ದೂರುವುದು ಅನ್ಯಾಯವಾದೀತು. ಕೇರಳದಲ್ಲಿ 1970ರ ಜನವರಿಯಿಂದ ಭೂಸುಧಾರಣೆ ಜಾರಿಯಾದ ಮೇಲೆ ಗೇಣಿಗೆ ಕೊಟ್ಟಿದ್ದ ದೇವಸ್ವದ ಜಮೀನು ಒಕ್ಕಲುಗಳ ಪಾಲಾಯಿತು. ಉಳುವವನಿಗೆ ನೆಲ ಸಿಕ್ಕಿದ್ದು ನ್ಯಾಯವೇ. ನಮ್ಮ ಮನೆಯವರೂ ಹಾಗೆ ಭೂಮಿ ಪಡೆದವರೇ. ಆದರೆ ಗದ್ದೆಯ ಅಕ್ಕಿಯಿಂದ ನಿತ್ಯಪೂಜೆ, ಗುಡ್ಡದ ಮರದಿಂದ ದುರಸ್ತಿ ಎಂಬ ಹಳೆಯ ಲೆಕ್ಕ ಅಲ್ಲಿಗೆ ಮುರಿಯಿತು. ಅಂದಿನಿಂದ ನಮ್ಮ ಗುಡಿಗಳು ದಾನಿಗಳನ್ನೇ ನಂಬಿವೆ. ದಾನಿಗೆ ಹೆಸರು ಕೆತ್ತಲು ಗ್ರಾನೈಟ್ ಬೇಕು, ಫಲಕ ತೂಗಲು ಗೋಡೆ ಬೇಕು. ಮೂವತ್ತು ವರ್ಷದ ಬಳಿಕ ಉಪಯೋಗಕ್ಕೆ ಬರುವ ಸಸಿಗೆ ಹೆಸರು ಹಾಕಿಸುವ ದಾನಿ ಅಪರೂಪ. ಜಪಾನಿನಲ್ಲೂ 1871ರಲ್ಲಿ ಮೇಜಿ ಸರಕಾರ ದೇವಾಲಯಗಳ ಜಮೀನನ್ನು ವಶಪಡಿಸಿಕೊಂಡಿತ್ತು, ಕೋಯಾ ಕೂಡ ಆ ಏಟನ್ನು ತಿಂದಿತ್ತು ಎಂಬುದನ್ನು ನೆನೆದರೆ ಭೂಮಿ ಹೋಯಿತೆಂಬ ಒಂದೇ ಕಾರಣವನ್ನು ಹಿಡಿದು ಕೂರುವುದಕ್ಕೂ ಆಗುವುದಿಲ್ಲ.

ಹಾಗೆ ನೋಡಿದರೆ ಮರವನ್ನು ಗೌರವಿಸುವ ಕ್ರಮ ನಮ್ಮಲ್ಲಿ ಸತ್ತಿಲ್ಲ. ಹೊಸ ಧ್ವಜಸ್ತಂಭಕ್ಕೆ ತೇಗದ ಮರ ಆರಿಸಿದಾಗ ತಂತ್ರಿಗಳು ಅದರ ಬುಡದಲ್ಲಿ ಪೂಜೆ ಮಾಡಿ, ಆ ಮರವನ್ನು ಆಶ್ರಯಿಸಿದ ಜೀವಿಗಳೆಲ್ಲ ಬೇರೆ ಕಡೆಗೆ ಹೋಗಬೇಕೆಂದು ಪ್ರಾರ್ಥಿಸಿದ ಮೇಲೆಯೇ ಕೊಡಲಿ ತಾಗಿಸುವುದು. ಮರವನ್ನು ನೆಲಕ್ಕೆ ಬೀಳಗೊಡದೆ ಊರವರು ಹೆಗಲು ಕೊಟ್ಟು ಹೊತ್ತು ತರುತ್ತಾರೆ. ಎಣ್ಣೆಯ ದೋಣಿಯಲ್ಲಿ ತಿಂಗಳುಗಟ್ಟಲೆ ಮುಳುಗಿಸಿಡುತ್ತಾರೆ. ಆ ಎಣ್ಣೆಗೆ ಮನೆಮನೆಯಿಂದ ಹೆಂಗಸರು ಪಾತ್ರೆ ಹಿಡಿದು ಬಂದು ತಮ್ಮ ಪಾಲು ಸುರಿಯುತ್ತಾರೆ. ಇಷ್ಟು ಶ್ರದ್ಧೆ ಕೋಯಾದಲ್ಲೂ ನನಗೆ ಕಂಡಿಲ್ಲ. ಕೊರತೆ ಇರುವುದು ಒಂದೇ: ಕಡಿದ ಬುಡದ ಪಕ್ಕದಲ್ಲಿ ಇನ್ನೊಂದನ್ನು ನೆಡುವುದು ಆ ವಿಧಿಯ ಭಾಗವಾಗಿಲ್ಲ. ಇಂತಹ ವಿಷಯದಲ್ಲಿ ಸಮಿತಿಯ ಠರಾವಿಗಿಂತ ತಂತ್ರಿಗಳ ಒಂದು ಮಾತಿಗೆ ತೂಕ ಹೆಚ್ಚು. ಬ್ರಹ್ಮಕಲಶದ ಅಂಗವಾಗಿ ಇಂತಿಷ್ಟು ಹಲಸು, ಹೆಬ್ಬಲಸು, ತೇಗ, ಕಿರಾಲುಬೋಗಿಯ ಸಸಿಗಳು ದೇವರ ಜಾಗದಲ್ಲಿ ಬೇರುಬಿಟ್ಟಿರಬೇಕು, ಹನ್ನೆರಡು ವರ್ಷದ ಮುಂದಿನ ಬ್ರಹ್ಮಕಲಶದ ಹೊತ್ತಿಗೆ ಅವುಗಳ ಲೆಕ್ಕ ಒಪ್ಪಿಸಬೇಕು ಎಂದು ಅವರು ಅಪ್ಪಣೆ ಕೊಟ್ಟರೆ ಊರು ಮರುಮಾತಾಡದೆ ಪಾಲಿಸುತ್ತದೆ. ಜಾಗವಿಲ್ಲವೆಂಬ ಮಾತನ್ನು ನಾನು ನಂಬುವುದಿಲ್ಲ. ಕಾರು ನಿಲ್ಲಿಸಲು ಸಿಕ್ಕ ಜಾಗ ಮರ ನಿಲ್ಲಿಸಲು ಏಕೆ ಸಿಗಬಾರದು?

ಕಾಲುದಾರಿಯ ವಿಷಯವನ್ನೂ ಇಲ್ಲಿ ಸೇರಿಸುತ್ತೇನೆ, ಏಕೆಂದರೆ ಅದೂ ಕಾಡು ಉಳಿಯುವ ಪ್ರಶ್ನೆಯೇ. ಕೋಯಾಕ್ಕೆ ರೈಲು, ಬಸ್ಸು, ಕಾರು ಎಲ್ಲವೂ ಹೋಗುತ್ತವೆ. ಆದರೂ ಬುಡದ ಜಿಸೊನ್‌ಇನ್ ದೇವಾಲಯದಿಂದ ಬೆಟ್ಟದ ಮೇಲಿನವರೆಗಿನ ಹಳೆಯ ಕಾಲುದಾರಿಯನ್ನು ಮಣ್ಣಿನ ದಾರಿಯಾಗಿಯೇ ಉಳಿಸಿದ್ದಾರೆ. ಸುಮಾರು 109 ಮೀಟರಿಗೆ ಒಂದರಂತೆ 180 ಕಲ್ಲುಕಂಬಗಳು ಆ ದಾರಿಯನ್ನು ತೋರಿಸುತ್ತವೆ; ಮೊದಲು ಮರದ್ದಾಗಿದ್ದ ಕಂಬಗಳ ಜಾಗದಲ್ಲಿ 1265ರಿಂದ 1285ರವರೆಗೆ ಇಪ್ಪತ್ತು ವರ್ಷ ದುಡಿದು ಕಲ್ಲಿನವನ್ನು ನಿಲ್ಲಿಸಿದರಂತೆ. ನಾವು ಕೊನೆಯ ಭಾಗವನ್ನಷ್ಟೇ ನಡೆದೆವು, ಮೊಣಕಾಲು ಅಷ್ಟಕ್ಕೇ ಸಾಕೆಂದಿತು. ಹೆಂಗಸರಿಗೆ ಈ ಬೆಟ್ಟದ ಮೇಲೆ ಪ್ರವೇಶವಿರಲಿಲ್ಲ. 1872ರಲ್ಲಿ ಸರಕಾರವೇ ಆ ನಿಷೇಧವನ್ನು ರದ್ದುಪಡಿಸಿತು. ಅದಕ್ಕೆ ಮುಂಚೆ ಅವರು ಏಳು ಪ್ರವೇಶದ್ವಾರಗಳ ಹೊರಗಿನ ಹೆಂಗಸರ ಮಂದಿರಗಳಲ್ಲಿ ಕುಳಿತು ಪ್ರಾರ್ಥಿಸಿ, ಬೆಟ್ಟದ ಅಂಚಿನ ಏಣಿನಲ್ಲೇ ಸುತ್ತುಬಂದು, ಮರಗಳ ಸಂದಿಯಿಂದ ಒಳಗಿನ ದೇವಾಲಯಗಳನ್ನು ದೂರದಿಂದ ನೋಡಿ ಹಿಂದಿರುಗುತ್ತಿದ್ದರು. ಉಳಿದಿರುವ ಒಂದೇ ಒಂದು ಮಂದಿರದ ಜಗಲಿಯಲ್ಲಿ ನನ್ನ ಹೆಂಡತಿ ಬಹಳ ಹೊತ್ತು ಕುಳಿತಿದ್ದಳು. ಆ ದಾರಿಯನ್ನೂ ಅವರು ಅಳಿಸಿಲ್ಲ; ನಾಚಿಕೆಯ ಇತಿಹಾಸವೆಂದು ಮುಚ್ಚಿಡದೆ ಫಲಕ ಹಾಕಿ ಇಟ್ಟಿದ್ದಾರೆ. ಫಲಕವೆಂದಾಗ ನೆನಪಾಯಿತು, ಆ ಕಾಡಿನ ದಾರಿಯಲ್ಲಿ ಪರದೇಶಿಗಳಾದ ನಮಗೂ ಓದಲು ಬರುವ ಭಾಷೆಯಲ್ಲಿ ಸೂಚನೆಗಳಿದ್ದವು. ಸ್ವಂತ ಜಿಲ್ಲೆಯ ಕಚೇರಿಗಳಲ್ಲಿ ಕನ್ನಡ ಫಲಕಕ್ಕಾಗಿ ಅರ್ಜಿ ಬರೆದು ಬರೆದು ಬಳಲಿದ ಕಾಸರಗೋಡಿನ ಕನ್ನಡಿಗನಿಗೆ ಅದು ಸಣ್ಣ ಸಂಗತಿಯಲ್ಲ. ಅದರ ಬಗ್ಗೆ ಬೇರೆಯೇ ಪತ್ರ ಬರೆಯಬೇಕಾದೀತು.

ನಮ್ಮ ಗುಡ್ಡದ ಗುಡಿಗಳಿಗೂ ಇಂತಹ ಕಾಲುದಾರಿಗಳಿದ್ದವು. ಕೆಂಪುಕಲ್ಲಿನಲ್ಲೇ ಕಡಿದ ಮೆಟ್ಟಿಲುಗಳು, ನಡುವೆ ನೀರು ಕುಡಿಯಲು ಕಟ್ಟೆ, ನೆರಳಿಗೆ ಅಶ್ವತ್ಥ ಅಥವಾ ಗೋಳಿ. ಹಲವು ದಾರಿಗಳ ಮೇಲೆ ಈಗ ಜೇಸಿಬಿ ಓಡಿದೆ. ರಸ್ತೆ ಬೇಡವೆಂದು ನಾನು ಹೇಳುತ್ತಿಲ್ಲ, ವೃದ್ಧರೂ ಅಶಕ್ತರೂ ದೇವರನ್ನು ನೋಡಬೇಡವೇ? ರಸ್ತೆಯನ್ನು ಒಂದು ಬದಿಯಿಂದ ತಂದು, ಹಳೆಯ ಮೆಟ್ಟಿಲನ್ನು ಅದರ ಪಾಡಿಗೆ ಬಿಟ್ಟರೆ ಆಯಿತು. ಮೆಟ್ಟಿಲಿನ ಇಕ್ಕೆಲದ ಮರಗಳೂ ಆಗ ತಾವಾಗಿಯೇ ಉಳಿಯುತ್ತವೆ.

ತಮ್ಮ ಪತ್ರಿಕೆಯಲ್ಲಿ ಒಂದು ವಿನಂತಿ. ಈ ಭಾಗದ ಪ್ರತಿಯೊಂದು ಬ್ರಹ್ಮಕಲಶಕ್ಕೂ ತಾವು ಬಣ್ಣದ ವಿಶೇಷ ಪುರವಣಿ ಹೊರತರುತ್ತೀರಿ. ಅದರಲ್ಲಿ ಕ್ಷೇತ್ರದ ಇತಿಹಾಸ, ತಂತ್ರಿಗಳ ಸಂದೇಶ, ಗಣ್ಯರ ಶುಭಾಶಯ, ದಾನಿಗಳ ಭಾವಚಿತ್ರ ಎಲ್ಲವೂ ಇರುತ್ತದೆ. ಅದೇ ಪುಟಗಳಲ್ಲಿ ಒಂದು ಚಿಕ್ಕ ಚೌಕಟ್ಟು ಇರಲಿ: ಈ ಜೀರ್ಣೋದ್ಧಾರಕ್ಕೆ ಎಷ್ಟು ಮರ ಬಳಕೆಯಾಯಿತು, ಅದು ಎಲ್ಲಿಂದ ಬಂತು, ಕೆಲಸ ಮಾಡಿದ ಆಚಾರಿಗಳು ಯಾರು, ಮುಂದಿನ ಸಲಕ್ಕೆಂದು ಎಲ್ಲಿ ಏನನ್ನು ನೆಡಲಾಗಿದೆ. ಪ್ರತಿ ಪುರವಣಿಯಲ್ಲೂ ಆ ಚೌಕಟ್ಟು ಕಾಣಿಸಿಕೊಳ್ಳತೊಡಗಿದರೆ ಅದನ್ನು ಖಾಲಿ ಬಿಡಲು ಯಾವ ಸಮಿತಿಗೂ ಮನಸ್ಸಾಗದು. ಪಕ್ಕದ ಊರಿನವರು ಐವತ್ತು ಸಸಿ ನೆಟ್ಟರೆಂದು ಓದಿದ ಮೇಲೆ ನಮ್ಮೂರಿನವರು ಸುಮ್ಮನಿರುವ ಜಾತಿಯವರಲ್ಲ. ನಮ್ಮ ದೇವಸ್ಥಾನದ ಮಾಹಿತಿಯನ್ನು ಕಳುಹಿಸುವ ಹೊಣೆ ನನ್ನದು. ಆ ಚೌಕಟ್ಟಿಗೂ ಜಾಹೀರಾತಿನ ದರವೇ ಅನ್ವಯಿಸುವುದಾದರೆ ಅದನ್ನು ಭರಿಸುವಂತೆ ಸಮಿತಿಯ ಮುಂದಿನ ಸಭೆಯಲ್ಲಿ ಒತ್ತಾಯಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಅಡಿಕೆ ಕೃಷಿಕ
ಪೆರ್ಲ ಸಮೀಪ, ಮಂಜೇಶ್ವರ ತಾಲೂಕು
ಕಾಸರಗೋಡು ಜಿಲ್ಲೆ